ಮೇಜಿನ ಮೇಲಿನ ಫೆರಾರಿ

ಸರಕಾರಿ ಕಚೇರಿಯ ಕಾರಕೂನನಿಗೆ ಫೆರಾರಿ, ಪೋರ್ಶೆಗಳ ಗೊಡವೆ ಏಕೆಂದು ವಾಚಕರು ಕೇಳಬಹುದು. ಕೇಳತಕ್ಕದ್ದೇ. ನನ್ನದು ಹದಿನಾಲ್ಕು ವರ್ಷದ ಸಣ್ಣ ಕಾರು. ಅದೂ ಒಬ್ಬರು ಓಡಿಸಿ ಬಿಟ್ಟದ್ದು. ಆದರೂ ಕಳೆದ ದೀಪಾವಳಿಯ ನಾಲ್ಕು ದಿನಗಳಲ್ಲಿ ನಾನು ಲೋಕಪ್ರಸಿದ್ಧವಾದ ಮೂರು ಕಾರುಗಳನ್ನು ಓಡಿಸಿದೆ, ಮೂರನ್ನೂ ಗೋಡೆಗೆ ಗುದ್ದಿಸಿದೆ, ಯಾರಿಗೂ ಒಂದು ಪೈಸೆ ದಂಡ ತೆರಲಿಲ್ಲ. ಇದೆಲ್ಲ ನಡೆದದ್ದು ಛತ್ರಪತಿ ಸಂಭಾಜಿನಗರದಲ್ಲಿ, ನಮ್ಮ ಅಕ್ಕನ ಮನೆಯ ಊಟದ ಮೇಜಿನ ಮೇಲೆ.

ಆ ಊರಿಗೂ ದೊಡ್ಡ ಕಾರುಗಳಿಗೂ ನಂಟು ಇದ್ದೇ ಇದೆ. ಅದಿನ್ನೂ ಔರಂಗಾಬಾದ್ ಎನಿಸಿಕೊಳ್ಳುತ್ತಿದ್ದಾಗ, ೨೦೧೦ರ ಅಕ್ಟೋಬರಿನಲ್ಲಿ, ಅಲ್ಲಿಯ ಉದ್ಯಮಿಗಳು, ವೈದ್ಯರು ಮೊದಲಾದವರು ಗುಂಪುಗೂಡಿ ಒಂದೇ ಸಲಕ್ಕೆ ೧೫೦ ಮರ್ಸಿಡಿಸ್ ಬೆಂಜ್ ಕಾರುಗಳನ್ನು ಕೊಂಡು ದೇಶವೇ ಬೆರಗಾಗುವಂತೆ ಮಾಡಿದ್ದರು. ನಮ್ಮ ಭಾವನವರು ಆ ಗುಂಪಿನಲ್ಲಿ ಇರಲಿಲ್ಲ. ಅವರು ವಾಳೂಜದ ಕಾರ್ಖಾನೆಗೆ ಈಗಲೂ ಸ್ಕೂಟರಿನಲ್ಲೇ ಹೋಗಿಬರುತ್ತಾರೆ.

ಕಾರಿನ ಹುಚ್ಚು ಅವರ ಮಗನಿಗೆ. ಇಂಜಿನಿಯರಿಂಗ್ ಓದುವ ಈ ನನ್ನ ಸೋದರಳಿಯ ಎರಡು ವರ್ಷ ಕೂಡಿಟ್ಟ ಹಣದಿಂದ ಒಂದು ಸ್ಟಿಯರಿಂಗ್ ಚಕ್ರ, ಮೂರು ಪೆಡಲು ತಂದು ಗಣಕಯಂತ್ರಕ್ಕೆ ಜೋಡಿಸಿದ್ದಾನೆ. ಆಟದ ಹೆಸರು ಅಸೆಟ್ಟೋ ಕೋರ್ಸಾ. ಇಟಲಿಯ ಕೂನೋಸ್ ಎಂಬ ಸಂಸ್ಥೆ ೨೦೧೪ರಲ್ಲಿ ಹೊರತಂದದ್ದು. ಆಟವೆಂದರೆ ಮಕ್ಕಳ ಕಾಲಹರಣವೆಂದು ಬಗೆದಿದ್ದ ನನಗೆ ಚಕ್ರ ಹಿಡಿದೊಡನೆ ಅಚ್ಚರಿಯಾಯಿತು. ಅದರೊಳಗಿನ ಮೋಟರು ನಮ್ಮ ಕೈಗೆ ಎದುರು ಒತ್ತುತ್ತದೆ. ಟಾಯರಿನ ಹಿಡಿತ ತಪ್ಪಿದರೆ ಚಕ್ರ ಹಗುರಾಗಿಬಿಡುತ್ತದೆ. ಪ್ರತಿ ಟಾಯರಿನ ಮೇಲೆ ಎಷ್ಟು ಭಾರ, ಎಷ್ಟು ಜಾರಿಕೆ ಎಂಬ ಲೆಕ್ಕವನ್ನು ಯಂತ್ರವು ಸೆಕೆಂಡಿಗೆ ನೂರಾರು ಸಲ ಮಾಡುತ್ತದಂತೆ. ರಸ್ತೆಗಳನ್ನೂ ಊಹೆಯಿಂದ ಬರೆದಿಲ್ಲ. ಅನೇಕ ಪಂದ್ಯದ ದಾರಿಗಳನ್ನು ಲೇಸರ್ ಕಿರಣದಿಂದ ಅಳೆದು, ಉಬ್ಬು ತಗ್ಗುಗಳ ಸಮೇತ ಇಳಿಸಿದ್ದಾರೆ. ಜರ್ಮನಿಯ ನ್ಯೂರ್ಬರ್ಗ್‌ರಿಂಗಿನ ೨೦.೮ ಕಿಲೋಮೀಟರಿನ ಬೆಟ್ಟದ ದಾರಿಯೂ ಇದೆ. ಅದನ್ನು ನೋಡಿದಾಗ, ಚಾಳೀಸಗಾವಿಗೆ ಹೋಗುವಾಗ ಸಿಗುವ ಕನ್ನಡ ಎಂಬ ಊರಿನಾಚೆಯ ಔಟ್ರಮ್ ಘಾಟಿನ ನೆನಪಾಯಿತು. (ಆ ಊರಿನ ಹೆಸರು ಕಂಡು ಹಿಗ್ಗದ ಕನ್ನಡಿಗನಿಲ್ಲ, ಅಲ್ಲಿ ಮಾತಾಡುವುದು ಮರಾಠಿ.)

ನಾನು ಮೇಜಿಗೆ ಕುಳಿತದ್ದು ಬರಿಯ ಕುತೂಹಲದಿಂದಲ್ಲ. ೨೦೨೩ರ ಜುಲೈ ತಿಂಗಳಲ್ಲಿ ನಾಶಿಕದಿಂದ ಡೊಂಬಿವಲಿಗೆ ಒಂದು ನಾಮಕರಣಕ್ಕೆ ಹೊರಟಿದ್ದಾಗ ಕಸಾರಾ ಘಾಟಿನ ಇಳಿಜಾರಿನಲ್ಲಿ, ಸುರಿಯುವ ಮಳೆಯಲ್ಲಿ, ನನ್ನ ಕಾರು ತಿರುವಿನಲ್ಲಿ ತಿರುಗದೆ ನೆಟ್ಟಗೆ ಹೋಗಿ ತಡೆಗೋಡೆಗೆ ಒಂದು ಮೊಳ ಉಳಿದಿರುವಾಗ ನಿಂತಿತು. ಹೆಂಡತಿ ಪಕ್ಕದಲ್ಲಿ, ಇಬ್ಬರು ಮಕ್ಕಳು ಹಿಂದೆ. ಯಾರಿಗೂ ಏನೂ ಆಗಲಿಲ್ಲ. ರಸ್ತೆಯ ಮೇಲೆ ಯಾವುದೋ ಲಾರಿಯ ಎಣ್ಣೆ ಚೆಲ್ಲಿತ್ತೆಂದು ನಾನು ಕಂಡವರಿಗೆಲ್ಲ ಹೇಳಿದೆ. ಅಂದಿನಿಂದ ಹೆಂಡತಿ ನನ್ನ ಕಾರಿನಲ್ಲಿ ಊರು ಬಿಟ್ಟು ಹೊರಗೆ ಬಂದಿಲ್ಲ. ದೀಪಾವಳಿಗೂ ನಾವು ಹೋದದ್ದು ಬಸ್ಸಿನಲ್ಲೇ.

ಇನ್ನು ಕಾರುಗಳ ಮಾತು. ನಮ್ಮ ಅಜ್ಜ ಚಕ್ಕಡಿಗೆ ಜೋಳದ ಚೀಲ ಹೇರುವಾಗ ಮುಂಭಾರವಾಗದಂತೆ, ಹಿಂಭಾರವಾಗದಂತೆ ನೋಡಿ ನೋಡಿ ಇಡಿಸುತ್ತಿದ್ದರು. ಮುಂಭಾರವಾದರೆ ಎತ್ತಿನ ಹೆಗಲಿಗೆ ಪೆಟ್ಟು, ಹಿಂಭಾರವಾದರೆ ನೊಗ ಮೇಲೇಳುತ್ತದೆ. ಈ ಮಹಾ ಕಾರುಗಳ ಗುಣಭೇದವೆಲ್ಲ ಹೆಚ್ಚುಕಡಿಮೆ ಅಷ್ಟೇ: ಎಂಜಿನ್ ಎಂಬ ಚೀಲವನ್ನು ಎಲ್ಲಿ ಇಟ್ಟಿದ್ದಾರೆ, ಎಳೆಯುವ ಚಕ್ರ ಯಾವುದು.

ಫೆರಾರಿ ೪೫೮ರಲ್ಲಿ ೪.೫ ಲೀಟರಿನ ಎಂಜಿನ್ನು ಚಾಲಕನ ಬೆನ್ನ ಹಿಂದೆ, ಹಿಂದಿನ ಚಕ್ರಗಳಿಗಿಂತ ಮುಂದೆ ಇದೆ. ಭಾರವೆಲ್ಲ ನಡುವಿಗೆ ಹತ್ತಿರವಿರುವುದರಿಂದ ಚಕ್ರ ಸ್ವಲ್ಪ ತಿರುವಿದರೆ ಸಾಕು, ಮೂತಿ ತಟ್ಟನೆ ಒಳಗೆ ಹೊರಳುತ್ತದೆ. ಆದರೆ ೫೭೦ ಕುದುರೆಗಳ ಬಲ ಹಿಂದಿನ ಎರಡೇ ಚಕ್ರಗಳಿಗೆ. ತಿರುವು ಮುಗಿಯುವ ಮೊದಲೇ ಆಸೆಯಿಂದ ಎಕ್ಸಿಲರೇಟರ್ ಒತ್ತಿದಿರೋ, ಬಾಲ ಮೂತಿಯನ್ನು ಹಿಂದೆ ಹಾಕುತ್ತದೆ. ನಾನು ಏಳು ಸಲ ಒತ್ತಿದೆ.

ಪೋರ್ಶೆ ೯೧೧ ಬೇರೆಯೇ ಜಾತಿ. ಅದರ ಎಂಜಿನ್ನು ಹಿಂದಿನ ಚಕ್ರಗಳಿಗಿಂತಲೂ ಹಿಂದೆ. ಹಿಂಭಾರವಾದ ಚಕ್ಕಡಿಯೇ ಸರಿ. ಮೂತಿ ಹಗುರ, ಆದ್ದರಿಂದ ಬ್ರೇಕು ಒತ್ತಿ ಭಾರವನ್ನು ಮುಂದಕ್ಕೆ ತಂದ ಹೊರತು ಅದು ಒಳಗೆ ಹೊರಳಲು ಒಪ್ಪುವುದಿಲ್ಲ. ಹೊರಬರುವಾಗ ಮಾತ್ರ ಹಿಂದಿನ ಚಕ್ರಗಳು ನೆಲವನ್ನು ಕಚ್ಚಿ ಹಿಡಿಯುತ್ತವೆ. ಅಪಾಯವಿರುವುದು ನಡುತಿರುವಿನಲ್ಲಿ. ಹೆದರಿ ಎಕ್ಸಿಲರೇಟರಿನಿಂದ ಕಾಲು ತೆಗೆದರೆ ಹಿಂದಿನ ಭಾರ ಗಡಿಯಾರದ ಲೋಲಕದಂತೆ ಬೀಸಿ ಬರುತ್ತದೆ.

“ಮಾಮಾ, ಹೆದರಿ ಕಾಲ ತಗೀಬ್ಯಾಡ್ರಿ!” ಎಂದು ಹುಡುಗ ಕೂಗುತ್ತಿದ್ದ.

“ಹೆದರಿದಾಗ ಕಾಲ ತಾನ ಬರತದೋ ತಮ್ಮಾ,” ಎಂದೆ.

ಪೆಟ್ರೋಲೂ ವಿದ್ಯುತ್ತೂ ಕೂಡಿ ಸುಮಾರು ೯೦೦ ಕುದುರೆಗಳ ಬಲವುಳ್ಳ ಮ್ಯಾಕ್ಲಾರೆನ್ ಪಿ ೧, ಪೋರ್ಶೆ ೯೧೮ ಮುಂತಾದವೂ ಇದ್ದವು. ಅವುಗಳ ತಂಟೆಗೆ ನಾನು ಹೋಗಲಿಲ್ಲ.

ಮೂರನೆಯ ದಿನ ನಿಸ್ಸಾನ್ ಜಿಟಿ-ಆರ್. ಎಂಜಿನ್ನು ಮುಂದೆ, ತೂಕ ೧,೭೦೦ ಕಿಲೋಗೂ ಮಿಕ್ಕಿ, ಎಳೆಯುವುದು ನಾಲ್ಕೂ ಚಕ್ರ. ಮೂರರಲ್ಲಿ ನನಗೆ ಹಿತವೆನಿಸಿದ್ದು ಇದೇ. ಎಷ್ಟು ಒರಟಾಗಿ ಒತ್ತಿದರೂ ನೆಟ್ಟಗೆ ಎಳೆದುಕೊಂಡು ಹೋಗುತ್ತದೆ. ಬ್ರೇಕು ಕಚ್ಚಿಕೊಳ್ಳದಂತೆ ಕಾಯುವ ಏರ್ಪಾಟನ್ನು ಹುಡುಗ ತೆಗೆದುಹಾಕಿ, “ನಿಮ್ಮ ಗಾಡಿಯೊಳಗ ಇದು ಇಲ್ಲಲ್ಲ, ಹಂಗ ಓಡಸ್ರಿ,” ಎಂದ. ಇಟಲಿಯ ಮೊಂಝಾದಲ್ಲಿ ಉದ್ದನೆಯ ನೇರದಾರಿಯ ಕೊನೆಗೆ ಬಲಕ್ಕೊಂದು ಎಡಕ್ಕೊಂದು ಇಕ್ಕಟ್ಟಾದ ತಿರುವುಗಳಿವೆ. ವೇಗ ಹೆಚ್ಚಾಯಿತು. ಬ್ರೇಕನ್ನು ಪೂರ್ತಿ ತುಳಿದೆ, ಚಕ್ರವನ್ನು ಪೂರ್ತಿ ತಿರುವಿದೆ. ಕಾರು ತಿರುಗಲಿಲ್ಲ. ಕೈಯಲ್ಲಿ ಚಕ್ರ ಹತ್ತಿಯಂತೆ ಹಗುರಾಯಿತು, ಮೂತಿ ನೆಟ್ಟಗೆ ನಡೆಯಿತು.

ಆ ಹಗುರು ನನ್ನ ಕೈಗೆ ಗುರುತಿತ್ತು.

ನಡೆದದ್ದನ್ನು ಹೊರಗಿನಿಂದ ಮತ್ತೆ ತೋರಿಸುವ ಸೌಕರ್ಯ ಆಟದಲ್ಲಿದೆ. ಮುಂದಿನ ಚಕ್ರಗಳು ಬಲಕ್ಕೆ ತಿರುಗಿಯೇ ಇದ್ದವು. ಆದರೆ ಉರುಳುತ್ತಿರಲಿಲ್ಲ, ಜಾರುತ್ತಿದ್ದವು. ಟಾಯರಿನ ಹಿಡಿತ ನಮ್ಮ ತಿಂಗಳ ಸಂಬಳವಿದ್ದಂತೆ. ಎಲ್ಲವನ್ನೂ ಬ್ರೇಕಿಗೇ ಕೊಟ್ಟರೆ ತಿರುವಿಗೆ ಕೊಡಲು ಏನೂ ಉಳಿಯುವುದಿಲ್ಲ. ಬ್ರೇಕನ್ನು ತಿರುವಿಗೆ ಮೊದಲೇ ಮುಗಿಸಿ, ಬಿಡುತ್ತ ಬಿಡುತ್ತ ಚಕ್ರ ತಿರುವಬೇಕು. ಹಾಗೆ ಮಾಡಿದಾಗ ಅದೇ ಕಾರು ಅದೇ ತಿರುವಿನಲ್ಲಿ ಸಾಧುವಾಗಿ ಹೊರಳಿತು. ಮೊಂಝಾದ ಈ ರಸ್ತೆಯಲ್ಲಿ ಎಣ್ಣೆಯಿರಲಿಲ್ಲ, ನೀರೂ ಇರಲಿಲ್ಲ. ಕಂಪನಿ ಹೊರತಂದ ಮೂಲ ಆಟದಲ್ಲಿ ಮಳೆಯೇ ಇಲ್ಲ. ಹಿಂದಿನ ಸೀಟಿನಲ್ಲಿ ಮಕ್ಕಳೂ ಇಲ್ಲ.

ಅಂದು ರಾತ್ರಿ ಹೆಂಡತಿ ಅಕ್ಕನೊಡನೆ ಚಕ್ಕುಲಿ ಡಬ್ಬಿಗೆ ತುಂಬುತ್ತಿದ್ದಳು. ನಾನು ಹೋಗಿ, ಕಸಾರಾದಲ್ಲಿ ಎಣ್ಣೆ ಚೆಲ್ಲಿರಲಿಲ್ಲ, ತಪ್ಪು ನನ್ನದೇ, ಎಂದೆ.

ಅವಳು ಡಬ್ಬಿಯಿಂದ ತಲೆ ಎತ್ತಲಿಲ್ಲ. “ನನಗ ಅವತ್ತ ಗೊತ್ತಿತ್ತರೀ. ಇಳದು ನೋಡಿದ್ದೆ,” ಎಂದಳು.

ಮುಂದಿನ ಸಂಬಳಕ್ಕೆ ಟಾಯರು ಹಾಕಿಸುವುದೆಂದು ಗೊತ್ತಾಯಿತು. ಅದಕ್ಕೆ ಅವಳು ಬೇಡವೆನ್ನಲಿಲ್ಲ. ಮರಳುವಾಗಲೂ ಬಸ್ಸೇ. ವೈಜಾಪುರ, ಯೇವಲಾ ದಾಟಿ ನಾಶಿಕ ಬರುವವರೆಗೆ, ನಮ್ಮ ಡ್ರೈವರ್ ಸಾಹೇಬರು ಯಾವ ತಿರುವಿಗೆ ಎಷ್ಟು ಮೊದಲು ಬ್ರೇಕು ಒತ್ತುತ್ತಾರೆ, ಎಲ್ಲಿ ಬಿಡುತ್ತಾರೆ ಎಂಬುದನ್ನು ಮುಂದಿನ ಸೀಟಿನಲ್ಲಿ ಕುಳಿತು ನೋಡುತ್ತ ಬಂದೆ.