ಮಂಗಟ್ಟೆ ಗೂಡಿಗೆ ಕಾವಲು ಯಾರು?

ದಾಂಡೇಲಿ ಕಾಡಲ್ಲಿ ಒಬ್ಬ ತಾಯಿ,
ತನ್ನನ್ನ ತಾನೇ ಮರದೊಳಗೆ ಕೂಡಿಹಾಕ್ಕೋತಾಳೆ.
ಯಾಕೆ ಗೊತ್ತಾ?

ಅವಳು ಮಂಗಟ್ಟೆ ಹಕ್ಕಿ.
ಪೊಟರೆಯೊಳಗೆ ಕೂತು, ಬಾಗಿಲು ಮೆತ್ತಿ,
ಒಂದೇ ಒಂದು ಸೀಳು ಬಿಡ್ತಾಳೆ.
ಥೇಟ್ ನಮ್ಮ ಬಾಣಂತಿ ಕೋಣೆ!
ಮೊಟ್ಟೆ, ಮರಿ, ಎಲ್ಲಾ ಅಲ್ಲೇ.

ಹೊರಗಿಂದ ಹಣ್ಣು ತಂದು ಉಣಿಸೋದು ಗಂಡು.
ಅದಕ್ಕೆ ಗುಂಡು ಬಿದ್ರೆ?
ಒಳಗಿರೋರ ಪಾಡೇನು?

ಈ ಪ್ರಶ್ನೆಗೆ ಉತ್ತರ ಹುಡುಕಿದವರು
ಜೀವವಿಜ್ಞಾನಿ ಅಪರಾಜಿತಾ ದತ್ತ.
ಮೈಸೂರಿನ ನೇಚರ್ ಕನ್ಸರ್ವೇಶನ್ ಫೌಂಡೇಶನ್ ಸಂಸ್ಥೆಯವರು.
ಕೆಲಸ ಮಾಡಿದ್ದು ದೂರದ ಅರುಣಾಚಲದಲ್ಲಿ.

ಅಲ್ಲಿ ಬೇಟೆಗಾರರನ್ನ ದೂರ ತಳ್ಳಲಿಲ್ಲ.
ಅವರನ್ನೇ ಗೂಡಿನ ಕಾವಲಿಗೆ ನಿಲ್ಲಿಸಿದ್ರು!
ಸಂಬಳಕ್ಕೆ ಹಣ?
ಊರೂರಿನ ಜನ ಒಂದೊಂದು ಗೂಡನ್ನ ದತ್ತು ತಗೊಂಡ್ರು.
ನನಗಂತೂ ಇದು ದತ್ತ ಅವರ ಅತಿ ದೊಡ್ಡ ಸಾಧನೆ.
2013ರಲ್ಲಿ ವನ್ಯಜೀವಿ ಸಂರಕ್ಷಣೆಗೆ ಕೊಡೋ ವಿಟ್ಲೀ ಪ್ರಶಸ್ತಿಯೂ ಬಂತು.

ನಮ್ಮ ಕಡೆಗೆ ಬನ್ನಿ.
ದಾಂಡೇಲಿ ಸುತ್ತ ನಾಲ್ಕು ಜಾತಿಯ ಮಂಗಟ್ಟೆಗಳಿವೆ.
2011ರಲ್ಲೇ ಅವಕ್ಕಂತ ಸಂರಕ್ಷಣಾ ಮೀಸಲು ಘೋಷಣೆ ಆಗಿದೆ.
ಆದ್ರೆ ಘೋಷಣೆಯೊಂದೇ ಸಾಲದು, ಮಂಗಟ್ಟೆಗೆ ಪೊಟರೆ ಕೊರೆಯೋಕೆ ಬರಲ್ಲ.
ಹಳೇ ದೊಡ್ಡ ಮರ ಇದ್ರೇನೇ ಗೂಡು.

ಬೇಸಿಗೆ ರಜೆಗೆ ದಾಂಡೇಲಿಗೆ ಬರ್ತೀರಾ?
ಅದು ಗೂಡಿನ ಕಾಲ.
ಫೋಟೋಗೋಸ್ಕರ ಗೂಡಿನ ಹತ್ತಿರ ಹೋಗ್ಬೇಡಿ.
ದೂರದಿಂದಲೇ ನೋಡಿ.