ನರೆಯೂ ಸುಕ್ಕೂ ಹೇಳುವ ವಯಸ್ಸು

ಗಾಂಧಿಬಜಾರಿನಲ್ಲಿ ದಿನವೆಲ್ಲ ಬಿಸಿಲಿನಲ್ಲಿ ಕುಳಿತು ಹೂ ಮಾರುವ ಹೆಂಗಸು ಒಬ್ಬಾಕೆ. ಕಚೇರಿಯ ನೆರಳಿನಲ್ಲಿ ದುಡಿದು ವಿಶ್ರಾಂತಿ ಪಡೆದ ಗುಮಾಸ್ತರು ಒಬ್ಬರು. ಇವರಲ್ಲಿ ಹಿರಿಯರು ಯಾರೆಂದು ಕೇಳಿದರೆ ನಾವು ಮುಖ ನೋಡಿ ಉತ್ತರ ಹೇಳಿಬಿಡುತ್ತೇವೆ. ಆ ಉತ್ತರವು ಅನೇಕ ವೇಳೆ ತಪ್ಪಾಗುವುದು. ಜನನದ ದಾಖಲೆಯಿಲ್ಲದ ಬಡವರಿಗೆ ಇದು ಬರಿಯ ಕುತೂಹಲದ ಮಾತಲ್ಲ. ಕರ್ನಾಟಕ ಸರ್ಕಾರದ ಸಂಧ್ಯಾ ಸುರಕ್ಷಾ ಪಿಂಚಣಿಗೆ 65 ವರ್ಷ ತುಂಬಿರಬೇಕು. ಆದಕಾರಣ ಮುಪ್ಪಿನ ಗುರುತುಗಳನ್ನು ಅಳೆಯುವುದು ಹೇಗೆ, ಆ ಅಳತೆಯನ್ನು ನಂಬುವುದು ಎಷ್ಟರಮಟ್ಟಿಗೆ ಎಂಬುದನ್ನು ಇಂದು ವಿಚಾರ ಮಾಡೋಣ.

ಮೊದಲು ಕೂದಲು. ನಮ್ಮ ತಲೆಯಲ್ಲಿ ಸುಮಾರು ಒಂದು ಲಕ್ಷ ಕೂದಲುಗಳಿವೆ; ಒಂದೊಂದೂ ತಿಂಗಳಿಗೆ ಸುಮಾರು 1 ಸೆಂಟಿಮೀಟರ್ ಬೆಳೆಯುತ್ತದೆ. ಕೂದಲಿನ ಬುಡದಲ್ಲಿರುವ ಕೆಲವು ಜೀವಕಣಗಳು ಮೆಲನಿನ್ ಎಂಬ ಬಣ್ಣವನ್ನು ಒದಗಿಸುತ್ತವೆ. ಈ ಕಣಗಳು ಕ್ಷೀಣಿಸಿದಾಗ ಹೊಸದಾಗಿ ಹುಟ್ಟುವ ಕೂದಲು ಬೆಳ್ಳಗಾಗುತ್ತದೆ. ತಲೆಯ ಒಂದು ಚಿಕ್ಕ ಜಾಗವನ್ನು ಭೂತಗನ್ನಡಿಯಿಂದ ನೋಡಿ, ಅಲ್ಲಿ ಬಿಳಿಯವೆಷ್ಟು, ಕರಿಯವೆಷ್ಟು, ಎಷ್ಟು ದಪ್ಪ, ಎಷ್ಟು ಒತ್ತಾಗಿವೆ ಎಂದು ಎಣಿಸುವುದೇ ಅಳತೆಯ ಕ್ರಮ. ಐವತ್ತನೆಯ ವರ್ಷಕ್ಕೆ ಅರ್ಧ ಮಂದಿಗೆ ಅರ್ಧ ತಲೆ ನರೆಯುವುದೆಂಬ ಹಳೆಯ ಲೆಕ್ಕವೊಂದಿತ್ತು. ಆದರೆ ಅನೇಕ ದೇಶಗಳವರನ್ನು ಪರೀಕ್ಷಿಸಿ 2012ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ, ಆ ವಯಸ್ಸಿಗೆ ಅಷ್ಟು ನರೆತವರು ನೂರಕ್ಕೆ 6ರಿಂದ 23 ಮಂದಿ ಮಾತ್ರ. ನರೆ ಬರುವ ಕಾಲವು ಬಹುಮಟ್ಟಿಗೆ ವಂಶವನ್ನು ಅವಲಂಬಿಸಿದೆ.

ಇನ್ನು ಚರ್ಮ. ಕೈಯ ಹಿಂಬದಿಯ ಚರ್ಮವನ್ನು ಎರಡು ಬೆರಳುಗಳಿಂದ ಎತ್ತಿಹಿಡಿದು ಬಿಟ್ಟರೆ, ಎಳೆಯರಲ್ಲಿ ಅದು ತಟ್ಟನೆ ಸ್ವಸ್ಥಾನಕ್ಕೆ ಮರಳುತ್ತದೆ, ವೃದ್ಧರಲ್ಲಿ ತಡವಾಗುತ್ತದೆ. ಚರ್ಮವನ್ನು ಬಿಗಿಯಾಗಿಡುವ ಕೊಲಾಜೆನ್ ಮತ್ತು ಎಲಾಸ್ಟಿನ್ ಎಂಬ ನಾರುಗಳು ಸವೆಯುವುದೇ ಇದಕ್ಕೆ ಕಾರಣ. ಚರ್ಮವನ್ನು ಹೀರಿ ಮೇಲೆತ್ತಿ, ಅದು ಮರಳುವ ಬಗೆಯನ್ನು ಅಳೆಯುವ ಯಂತ್ರಗಳೂ ಇವೆ. ಆದರೆ ದೇಹದಲ್ಲಿ ನೀರು ಕಡಿಮೆಯಾದರೂ ಚರ್ಮ ತಡವಾಗಿಯೇ ಮರಳುತ್ತದೆ.

ಎಲ್ಲಕ್ಕಿಂತ ಹೆಚ್ಚಾಗಿ ಅಳತೆಯನ್ನು ಕೆಡಿಸುವುದು ಬಿಸಿಲು. ಅಮೆರಿಕದಲ್ಲಿ 28 ವರ್ಷ ಲಾರಿ ನಡೆಸಿದ 69 ವರ್ಷದ ಒಬ್ಬನ ಚಿತ್ರವು 2012ರಲ್ಲಿ ವೈದ್ಯಪತ್ರಿಕೆಯೊಂದರಲ್ಲಿ ಪ್ರಕಟವಾಯಿತು. ಕಿಟಕಿಯ ಕಡೆಗಿದ್ದ ಎಡಗೆನ್ನೆಯಲ್ಲಿ ಆಳವಾದ ಸುಕ್ಕುಗಳು. ಬಲಗೆನ್ನೆ ಬಹಳ ಎಳೆಯದು. ಒಂದೇ ಮುಖಕ್ಕೆ ಎರಡು ವಯಸ್ಸು! ನಮ್ಮ ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ. ಎತ್ತರ ಹೆಚ್ಚಿದಂತೆ ಬಿಸಿಲಿನ ಅತಿನೇರಳೆ ಕಿರಣಗಳ ಬಲವೂ ಹೆಚ್ಚುವುದು. ಗಾಳಿ ತಂಪಾಗಿದೆಯೆಂದು ಬಿಸಿಲನ್ನು ಸೌಮ್ಯವೆಂದು ಭಾವಿಸಲಾಗದು. ಸಂದೇಹವಿದ್ದವರು ತಮ್ಮ ಮುಂಗೈಯ ಹೊರಬದಿಯನ್ನೂ ತೋಳಿನ ಒಳಬದಿಯನ್ನೂ ಹೋಲಿಸಿ ನೋಡಬಹುದು.

ಹಾಗಾದರೆ ಹೊರಗಿನ ಗುರುತುಗಳೆಲ್ಲ ನಿರರ್ಥಕವೋ? ಹಾಗೆನ್ನಲಾಗದು. ಡೆನ್ಮಾರ್ಕಿನಲ್ಲಿ 70 ದಾಟಿದ 1826 ಅವಳಿಗಳ ಭಾವಚಿತ್ರಗಳನ್ನು ನೋಡಿದವರು ಅಂದಾಜು ಮಾಡಿದ ವಯಸ್ಸಿಗೂ, ಅವರು ಬದುಕಿದ ಕಾಲಕ್ಕೂ ಸಂಬಂಧವಿರುವುದು 2009ರಲ್ಲಿ ತಿಳಿದುಬಂದಿತು. ಮುಖವು ಪಟ್ಟ ಪಾಡನ್ನು ಹೇಳುತ್ತದೆ; ಹುಟ್ಟಿದ ವರ್ಷವನ್ನು ಹೇಳುವುದಿಲ್ಲ. ಮಲ್ಲೇಶ್ವರದ ಆಚೆಗಿರುವ ಭಾರತೀಯ ವಿಜ್ಞಾನ ಸಂಸ್ಥೆಯ ವಿಜ್ಞಾನಿಗಳು ಪಾಶ್ಚಾತ್ಯರ ಅಳತೆಗೋಲು ನಮಗೆ ಸಾಲದೆಂದು, ಭಾರತೀಯರ ಮುಪ್ಪಿನ ಲಕ್ಷಣಗಳನ್ನು ಗುರುತಿಸುವ ‘ಭಾರತ್’ ಎಂಬ ಅಧ್ಯಯನವನ್ನು ಕೈಗೊಂಡಿದ್ದಾರೆ.

ಹೂ ಮಾರುವಾಕೆಯ ಸುಕ್ಕನ್ನು ನೋಡಿ ಆಕೆಗೆ ವರ್ಷಗಳನ್ನು ಕೂಡಿಸುವುದೂ, ಕಪ್ಪು ಕೂದಲನ್ನು ನೋಡಿ ವೃದ್ಧೆಯ ಮಾತನ್ನು ತಳ್ಳಿಹಾಕುವುದೂ ಸಮಾನವಾದ ಅನ್ಯಾಯ. ಒಡಹುಟ್ಟಿದವರ ಮತ್ತು ಮಕ್ಕಳ ವಯಸ್ಸನ್ನು ವಿಚಾರಿಸಿದ ತರುವಾಯವೇ ತೀರ್ಮಾನಕ್ಕೆ ಬರುವುದು ವಿವೇಕ.