ತರಕಾರಿ ಗಾಡಿಯ ಎರಡು ದೀಪಗಳು

ಮಕ್ಕಳೇ, ನಮ್ಮ ತಾಳವಾಡಿಯಿಂದ ಎಲೆಕೋಸು, ಟೊಮೆಟೊ, ಆಲೂಗಡ್ಡೆ ತುಂಬಿಕೊಂಡು ಸತ್ಯಮಂಗಲದ ಕಡೆಗೆ ಹೋಗುವ ಪಿಕಪ್ ಗಾಡಿಗಳನ್ನು ನೀವು ನೋಡಿರುವಿರಿ. ಕೆಲವು ಗಾಡಿಗಳ ಮುಂಭಾಗದಲ್ಲಿ ದೊಡ್ಡ ದೀಪಗಳ ಕೆಳಗೆ ಇನ್ನೆರಡು ದೀಪಗಳು ಇರುತ್ತವೆ. ಅವು ಗಾಡಿಯೊಂದಿಗೆ ಬಂದವುಗಳಲ್ಲ. ಕೊಂಡ ಮೇಲೆ ಮಾಲೀಕರು ಹಾಕಿಸಿಕೊಂಡವು. ಹಾಡಿನ ಪೆಟ್ಟಿಗೆ, ಜೋರಾದ ಹಾರನ್, ಮೊಬೈಲ್ ಚಾರ್ಜರ್ ಇವೂ ಹೀಗೆಯೇ ಆಮೇಲೆ ಸೇರುತ್ತವೆ.

ಆ ಎರಡು ದೀಪಗಳು ಏಕೆ ಬೇಕು? ದಿಂಬಂನಿಂದ ಬಣ್ಣಾರಿಗೆ ಇಳಿಯುವ ಘಾಟಿಯಲ್ಲಿ 27 ಕಡಿದಾದ ತಿರುವುಗಳಿವೆ. ಕಾಡುಪ್ರಾಣಿಗಳ ರಕ್ಷಣೆಗಾಗಿ ಮದ್ರಾಸ್ ಹೈಕೋರ್ಟಿನ ಆದೇಶದಂತೆ 2022ರ ಫೆಬ್ರವರಿಯಲ್ಲಿ ಇಲ್ಲಿ ರಾತ್ರಿ ಸಂಚಾರವನ್ನು ನಿರ್ಬಂಧಿಸಲಾಯಿತು. ಆದ್ದರಿಂದ ಬೆಳಗಾಗುತ್ತಲೇ ಹೊರಡುವ ಗಾಡಿಗಳು ಹೆಚ್ಚು. ಮಳೆಗಾಲದಲ್ಲಿಯೂ ಚಳಿಗಾಲದಲ್ಲಿಯೂ ಆ ಹೊತ್ತಿಗೆ ಘಾಟಿಯ ತುಂಬ ಮಂಜು. ಮಂಜು ಎಂದರೆ ಗಾಳಿಯಲ್ಲಿ ತೇಲುವ ನೀರಿನ ಸಣ್ಣ ಹನಿಗಳು. ದೊಡ್ಡ ದೀಪವನ್ನು ಜೋರಾಗಿ ಉರಿಸಿದರೆ ಬೆಳಕು ಆ ಹನಿಗಳಿಗೆ ತಾಗಿ ಕಣ್ಣಿಗೇ ಹಿಂದಿರುಗುತ್ತದೆ. ಎದುರಿಗೆ ಬಿಳಿಯ ಪರದೆ ಕಟ್ಟಿದಂತಾಗುತ್ತದೆ! ಕೆಳಗಿರುವ ಮಂಜುದೀಪವು ನೆಲಕ್ಕೆ ಹತ್ತಿರವಾಗಿ ಬೆಳಕನ್ನು ಹರಡುವುದರಿಂದ ರಸ್ತೆಯ ಅಂಚು ಕಾಣುತ್ತದೆ.

ಒಮ್ಮೆ ನಾನು ಕೆಲಸದ ಮೇಲೆ ಸತ್ಯಮಂಗಲಕ್ಕೆ ಹೋಗಬೇಕಾಗಿತ್ತು. ನಮ್ಮೂರಿನ ಎಲೆಕೋಸಿನ ಗಾಡಿಯಲ್ಲಿ ಚಾಲಕನ ಪಕ್ಕದಲ್ಲಿ ಕುಳಿತೆ. ಅವನು ನನ್ನ ಹಳೆಯ ವಿದ್ಯಾರ್ಥಿ. ಗಾಡಿಗೆ ಹೊಸದಾಗಿ ಎರಡು ದೀಪಗಳನ್ನು ಹಾಕಿಸಿದ್ದ. ದಿಂಬಂ ದಾಟಿದೊಡನೆ ಮಂಜು ಮುಸುಕಿತು. ಅವನು ಸ್ವಿಚ್ಚು ಒತ್ತಿದ. ರಸ್ತೆ ಚೆನ್ನಾಗಿಯೇ ಕಂಡಿತು. ನಾಲ್ಕೈದು ತಿರುವು ಇಳಿದಿರಬಹುದು, ಪ್ಲಾಸ್ಟಿಕ್ ಸುಟ್ಟ ವಾಸನೆ ಬಂದಿತು. ಕಾಲಿನ ಬಳಿ ಹೊಗೆ ಎದ್ದಿತು. ಹೊಸ ದೀಪಗಳು ಆರಿದವು. ಮರುಕ್ಷಣವೇ ದೊಡ್ಡ ದೀಪಗಳೂ ಆರಿದವು. ಒಂದು ಪಕ್ಕ ಬಂಡೆ, ಇನ್ನೊಂದು ಪಕ್ಕ ಪ್ರಪಾತ. ನಡುವೆ ಏನೂ ಕಾಣದು.

"ಮೇಷ್ಟ್ರೇ, ಅಲುಗಬೇಡಿ" ಎಂದು ಹೇಳಿ ಅವನು ನಿಧಾನವಾಗಿ ಬಂಡೆಯ ಕಡೆಗೆ ಗಾಡಿ ನಿಲ್ಲಿಸಿದ. ಚಕ್ರಗಳಿಗೆ ಕಲ್ಲು ಕೊಟ್ಟ. ಸ್ಪ್ಯಾನರ್ ಹಿಡಿದು ಬ್ಯಾಟರಿಯ ಋಣ ತುದಿಯ ತಂತಿಯನ್ನು ಬಿಚ್ಚಿದ. ಹೊಗೆ ನಿಂತಿತು. ಬಳಿಕ ಮರದ ಸೊಪ್ಪು ಮುರಿದು ಹಿಂದೆ ರಸ್ತೆಯ ಮೇಲೆ ಇಟ್ಟ. ಬಿಸಿಲು ಬರುವವರೆಗೆ ನಾವು ಅಲ್ಲಿಯೇ ಇದ್ದೆವು. ಅದು ಹುಲಿ ಸಂರಕ್ಷಿತ ಅರಣ್ಯ, ಆನೆಗಳೂ ಬಹಳ. ಎಲೆಕೋಸಿನ ವಾಸನೆ ಆನೆಗೆ ಇಷ್ಟವೋ ಇಲ್ಲವೋ ಎಂದು ಚಿಂತಿಸುತ್ತ ನಾನು ಕುಳಿತಿದ್ದೆ.

ಬಿಸಿಲಿನಲ್ಲಿ ನೋಡಿದಾಗ ಕಾರಣ ತಿಳಿಯಿತು. ಅದನ್ನು ಅರಿಯಲು ಮೊದಲು ಒಂದು ವಿಷಯ ತಿಳಿಯಬೇಕು. ಮನೆಯ ಬಲ್ಬಿಗೆ ಎರಡು ತಂತಿಗಳು ಹೋಗುತ್ತವೆ. ಗಾಡಿಯ ದೀಪಕ್ಕೆ ಬ್ಯಾಟರಿಯಿಂದ ಬರುವ ತಂತಿ ಸಾಮಾನ್ಯವಾಗಿ ಒಂದೇ. ವಿದ್ಯುತ್ತು ಹಿಂದಿರುಗುವ ದಾರಿ ಯಾವುದು? ಗಾಡಿಯ ಕಬ್ಬಿಣದ ಮೈಯೇ ಆ ದಾರಿ. ಬ್ಯಾಟರಿಯ ಋಣ ತುದಿಯನ್ನು ಗಾಡಿಯ ಮೈಗೆ ಜೋಡಿಸಿರುತ್ತಾರೆ. ಗ್ಯಾರೇಜಿನವರು ಇದನ್ನು 'ಬಾಡಿ ಅರ್ತ್' ಎನ್ನುವರು.

ಆ ಗಾಡಿಯಲ್ಲಿ ದೀಪದ ತಂತಿಯನ್ನು ತಗಡಿನ ಒಂದು ತೂತಿನ ಮೂಲಕ ಎಳೆದಿದ್ದರು. ತೂತಿನ ಅಂಚು ಹರಿತವಾಗಿತ್ತು. ಗಾಡಿ ಅಲುಗಿದಂತೆಲ್ಲ ತಂತಿಯ ಹೊದಿಕೆ ಸವೆದು, ಒಳಗಿನ ತಾಮ್ರ ತಗಡಿಗೆ ತಾಗಿತು. ಆಗ ವಿದ್ಯುತ್ತು ದೀಪದವರೆಗೆ ಹೋಗದೆ ಅಲ್ಲಿಂದಲೇ ಹಿಂದಿರುಗಿತು. ಇದೇ ಶಾರ್ಟ್ ಸರ್ಕ್ಯೂಟ್. ಅಡ್ಡಿ ಇಲ್ಲದ ಕಾರಣ ವಿದ್ಯುತ್ತು ಮಿತಿಮೀರಿ ಹರಿದು ತಂತಿ ಕಾದು ಕೆಂಪಾಯಿತು. ಅದರ ಜೊತೆಯಲ್ಲಿ ಕಟ್ಟಿದ್ದ ದೊಡ್ಡ ದೀಪದ ತಂತಿಗಳ ಹೊದಿಕೆಯೂ ಕರಗಿತು.

"ಗಾಡಿಯ ಬ್ಯಾಟರಿ ಕೇವಲ 12 ವೋಲ್ಟ್, ಮುಟ್ಟಿದರೆ ಶಾಕ್ ಹೊಡೆಯುವುದಿಲ್ಲ" ಎಂದು ನೀವು ಹೇಳಬಹುದು. ನಿಜ. ಮನೆಯ 230 ವೋಲ್ಟಿನಂತೆ ಅದು ಹೊಡೆಯುವುದಿಲ್ಲ. ಆದರೆ ಎಂಜಿನ್ನನ್ನು ಚಾಲೂ ಮಾಡಲು ಆ ಬ್ಯಾಟರಿ ನೂರಾರು ಆಂಪಿಯರ್ ವಿದ್ಯುತ್ತನ್ನು ಒಮ್ಮೆಲೇ ಕೊಡಬಲ್ಲದು. ಅಷ್ಟು ವಿದ್ಯುತ್ತು ಸಣ್ಣ ತಂತಿಯಲ್ಲಿ ಹರಿದರೆ ಬೆಂಕಿ ಹತ್ತಲು ಸಾಕು.

ಇಂತಹ ವೇಳೆಯಲ್ಲಿ ಕಾಪಾಡಬೇಕಾದ ವಸ್ತು ಫ್ಯೂಸು. ಫ್ಯೂಸಿನೊಳಗೆ ತೆಳುವಾದ ಲೋಹದ ಪಟ್ಟಿ ಇದೆ. ಮಿತಿಗಿಂತ ಹೆಚ್ಚು ವಿದ್ಯುತ್ತು ಹರಿದರೆ ತಂತಿ ಸುಡುವ ಮೊದಲೇ ಆ ಪಟ್ಟಿ ಕರಗಿ ದಾರಿಯನ್ನು ಕಡಿಯುತ್ತದೆ. ನಮ್ಮ ಗಾಡಿಯಲ್ಲಿಯೂ ಮೊದಲು ಫ್ಯೂಸು ಇತ್ತು. ಹಿಂದಿನ ವಾರ ಅದು ಎರಡು ಬಾರಿ ಹೋಯಿತಂತೆ. ತಂತಿ ಆಗಲೇ ಸವೆಯುತ್ತಿತ್ತು, ಫ್ಯೂಸು ಅದನ್ನು ತಿಳಿಸುತ್ತಿತ್ತು. ಚಾಲಕನಿಗೆ ಅದು ಕಿರಿಕಿರಿ ಎನಿಸಿತು. ಫ್ಯೂಸಿನ ಜಾಗದಲ್ಲಿ ತಾಮ್ರದ ಎಳೆಗಳನ್ನು ಸುತ್ತಿಬಿಟ್ಟ. ತಾಮ್ರದ ಎಳೆ ಕರಗಲಿಲ್ಲ, ತಂತಿ ಸುಟ್ಟಿತು.

ಮಾರನೆಯ ವಾರ ಅವನು ಎಲ್ಲವನ್ನೂ ಹೊಸದಾಗಿ ಮಾಡಿಸಿದ. ನಾನೂ ಜೊತೆಯಲ್ಲಿ ಹೋಗಿದ್ದೆ. ಎಲೆಕ್ಟ್ರಿಷಿಯನ್ ಮೊದಲು ಲೆಕ್ಕ ಹಾಕಿದರು. ಒಂದು ದೀಪ 55 ವಾಟ್, ಎರಡಕ್ಕೆ 110 ವಾಟ್. ಇದನ್ನು 12 ವೋಲ್ಟಿನಿಂದ ಭಾಗಿಸಿದರೆ 9 ಆಂಪಿಯರಿಗಿಂತ ಸ್ವಲ್ಪ ಹೆಚ್ಚು. ಅದಕ್ಕೆ 15 ಆಂಪಿಯರಿನ ಫ್ಯೂಸು, ಆ ಫ್ಯೂಸಿಗೂ ತಾಳುವಷ್ಟು ದಪ್ಪದ ತಂತಿ. ಫ್ಯೂಸುಗಳನ್ನು ಬಣ್ಣದಿಂದ ಗುರುತಿಸಬಹುದು: 10 ಆಂಪಿಯರ್ ಕೆಂಪು, 15 ನೀಲಿ, 20 ಹಳದಿ, 30 ಹಸಿರು. ನೀಲಿಯ ಜಾಗದಲ್ಲಿ ಹಸಿರು ಹಾಕಿದರೂ ದೀಪ ಉರಿಯುತ್ತದೆ, ಆದರೆ ತಂತಿಗೆ ಕಾವಲು ಇರುವುದಿಲ್ಲ. ಫ್ಯೂಸನ್ನು ದೀಪದ ಬಳಿ ಅಲ್ಲ, ಬ್ಯಾಟರಿಯ ಬಳಿಯೇ ಇಟ್ಟರು. ಬ್ಯಾಟರಿಗೂ ಫ್ಯೂಸಿಗೂ ನಡುವೆ ಇರುವ ತಂತಿಯನ್ನು ಯಾರೂ ಕಾಯುವುದಿಲ್ಲವಲ್ಲ! ತಗಡಿನ ತೂತಿಗೆ ರಬ್ಬರಿನ ಬಳೆ ತೊಡಿಸಿದರು.

ಆಮೇಲೆ ರಿಲೇ ಎಂಬ ಸಣ್ಣ ಕಪ್ಪು ಡಬ್ಬಿಯನ್ನು ಜೋಡಿಸಿದರು. ಕಬ್ಬಿಣದ ಮೊಳೆಗೆ ತಂತಿ ಸುತ್ತಿ ವಿದ್ಯುತ್ತು ಹರಿಸಿದರೆ ಅದು ಅಯಸ್ಕಾಂತವಾಗುತ್ತದೆ. ರಿಲೇಯ ಒಳಗಿರುವುದೂ ಅದೇ. ಸ್ವಿಚ್ಚು ಒತ್ತಿದಾಗ ಸುರುಳಿಯಲ್ಲಿ ಬಹಳ ಕಡಿಮೆ ವಿದ್ಯುತ್ತು ಹರಿಯುತ್ತದೆ. ಸುರುಳಿ ಅಯಸ್ಕಾಂತವಾಗಿ 'ಟಿಕ್' ಎಂದು ಒಂದು ಪಟ್ಟಿಯನ್ನು ಎಳೆದು, ಬ್ಯಾಟರಿಯಿಂದ ದೀಪಕ್ಕೆ ದಾರಿ ಕೂಡಿಸುತ್ತದೆ. ಹೆಚ್ಚಿನ ವಿದ್ಯುತ್ತು ಕಾಲಿನ ಬಳಿಯ ಸ್ವಿಚ್ಚಿನವರೆಗೆ ಬರುವುದೇ ಇಲ್ಲ.

ಈಗ ಪೆಟ್ರೋಲ್ ಎಂಜಿನ್ ಮತ್ತು ವಿದ್ಯುತ್ ಮೋಟಾರು ಎರಡೂ ಇರುವ ಹೈಬ್ರಿಡ್ ವಾಹನಗಳು ಬಂದಿವೆ. ಬೆಂಗಳೂರು-ಮೈಸೂರು ರಸ್ತೆಯ ಬಿಡದಿಯಲ್ಲಿ 2013ರಿಂದಲೇ ಹೈಬ್ರಿಡ್ ಕಾರು ತಯಾರಾಗುತ್ತಿದೆ. ಅಮೆರಿಕದಲ್ಲಿ ಹೈಬ್ರಿಡ್ ಪಿಕಪ್ಪುಗಳೂ ಇವೆ. 2021ರ ಫೆಬ್ರವರಿಯಲ್ಲಿ ಟೆಕ್ಸಾಸ್ ಎಂಬಲ್ಲಿ ಹಿಮ ಬಿದ್ದು ಕರೆಂಟು ಹೋದಾಗ ಕೆಲವರು ಇಂತಹ ಪಿಕಪ್ಪಿನಿಂದಲೇ ಮನೆಯ ದೀಪ ಉರಿಸಿದರು. ಇವುಗಳಲ್ಲಿ ಎರಡು ಬ್ಯಾಟರಿಗಳಿರುತ್ತವೆ. ಮೋಟಾರನ್ನು ತಿರುಗಿಸುವ ದೊಡ್ಡ ಬ್ಯಾಟರಿ ನೂರಾರು ವೋಲ್ಟಿನದು. ಅದರ ತಂತಿಗಳಿಗೆ ಕಿತ್ತಳೆ ಬಣ್ಣದ ಹೊದಿಕೆ ಇರುತ್ತದೆ. ಅವುಗಳನ್ನು ಮುಟ್ಟಿದರೆ ಜೀವಕ್ಕೇ ಅಪಾಯ. ತರಬೇತಿ ಪಡೆದವರ ಹೊರತು ಗ್ಯಾರೇಜಿನವರೂ ಅದರ ತಂಟೆಗೆ ಹೋಗಬಾರದು. ಮಂಜುದೀಪ, ಹಾರನ್ ಮುಂತಾದವನ್ನು 12 ವೋಲ್ಟಿನ ಸಣ್ಣ ಬ್ಯಾಟರಿಗೇ ಜೋಡಿಸಬೇಕು. ಆ ಸಣ್ಣ ಬ್ಯಾಟರಿ ಬರಿದಾದರೆ, ದೊಡ್ಡದು ತುಂಬಿದ್ದರೂ ವಾಹನ ಎಚ್ಚರಗೊಳ್ಳುವುದಿಲ್ಲ!

ಅಂದು ಚಾಲಕನು ಋಣ ತುದಿಯನ್ನೇ ಏಕೆ ಬಿಚ್ಚಿದ ಎಂದು ಕೇಳಿದೆ. "ಧನ ತುದಿ ಬಿಚ್ಚುವಾಗ ಸ್ಪ್ಯಾನರ್ ಗಾಡಿಯ ಮೈಗೆ ತಾಗಿದರೆ ಕಿಡಿ ಹಾರುತ್ತದೆ ಮೇಷ್ಟ್ರೇ. ಋಣ ತುದಿಗೂ ಗಾಡಿಯ ಮೈಗೂ ವ್ಯತ್ಯಾಸವಿಲ್ಲ, ತಾಗಿದರೂ ಏನೂ ಆಗದು" ಎಂದ. ಇಷ್ಟು ತಿಳಿದವನು ಫ್ಯೂಸಿನ ಜಾಗಕ್ಕೆ ತಾಮ್ರ ಸುತ್ತಿದ್ದೇಕೆ ಎಂದು ಕೇಳಿದಾಗ ನಕ್ಕುಬಿಟ್ಟ. ಆ ಸುಟ್ಟ ತಂತಿಯ ಒಂದು ತುಂಡನ್ನು ಕೇಳಿ ತಂದಿದ್ದೇನೆ. ಅದು ನಮ್ಮ ಶಾಲೆಯ ವಿಜ್ಞಾನದ ಬೀರುವಿನಲ್ಲಿ ಒಂದು ನೀಲಿ ಫ್ಯೂಸಿನ ಪಕ್ಕದಲ್ಲಿದೆ.